ಕೊರಟಗೆರೆಯಿಂದ ತುಮಕೂರಿಗೆ: ನಮ್ಮ ವ್ಯಾಪ್ತಿಗೆ ಬಾರದ ಸರ್ಕಾರಿ ಪ್ರೌಢಶಾಲೆಗೆ 9ನೇ ತರಗತಿ ಸೇರಿಸಬಹುದಾ?

ಸುವರ್ಣಮುಖಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಕೊರಟಗೆರೆ ತಾಲ್ಲೂಕು ಹೊಳವನಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ, ಖಾಸಗಿ ಶಾಲೆಯಲ್ಲಿ 1ನೇ ತರಗತಿಯಿಂದ ಓದುತ್ತಿದ್ದಾಳೆ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಉಚಿತ ಸೀಟು, ಇಂಗ್ಲಿಷ್ ಮಾಧ್ಯಮ. ಪ್ರಥಮ ಭಾಷೆ ಇಂಗ್ಲಿಷ್, ದ್ವಿತೀಯ ಕನ್ನಡ, ತೃತೀಯ ಹಿಂದಿ. ಈ ಏಪ್ರಿಲ್‌ಗೆ 8 ಮುಗಿಯುತ್ತೆ, ಅಲ್ಲಿಗೆ ಆರ್‌ಟಿಇ ಸೀಟೂ ಮುಗಿಯುತ್ತೆ. 9ಕ್ಕೆ ಪೂರ್ತಿ ಫೀಸು ಕಟ್ಟುವ ಶಕ್ತಿ ನಮಗಿಲ್ಲ.

ವಸಂತನರಸಾಪುರದಲ್ಲಿ ಕೆಲಸ ಸಿಕ್ಕಿರುವುದರಿಂದ ತುಮಕೂರಿಗೆ ಬರುತ್ತಿದ್ದೇವೆ. ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ ನೋಡಿದ್ದೇವೆ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಊರೊಳಗಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಸೇರಿಸುವ ಆಸೆ. ಆದರೆ "ನಿಮ್ಮ ಮನೆ ಆ ಶಾಲೆ ವ್ಯಾಪ್ತಿಗೆ ಬರಲ್ಲ, ತಾಲ್ಲೂಕೂ ಬೇರೆ, ತಗೊಳ್ಳಲ್ಲ" ಅಂತ ಒಬ್ಬರು ಹೇಳಿದರು. ಇದು ನಿಜವಾ? ಯಾರನ್ನು ಕೇಳಬೇಕು, ಮೊದಲು ಯಾವ ಕಾಗದ ಮಾಡಿಸಬೇಕು? ತಿಳಿದವರು ದಯವಿಟ್ಟು ಹೇಳಿ.

---

ಹಾಜರಿ ಪುಸ್ತಕ

ಸರ್, ವ್ಯಾಪ್ತಿ ವಿಷಯ ಮೊದಲು ತಲೆಯಿಂದ ತೆಗೆದುಬಿಡಿ. ನಮ್ಮಲ್ಲಿ ಸರ್ಕಾರಿ ಪ್ರೌಢಶಾಲೆಗೆ "ಈ ಬೀದಿಯವರು ಮಾತ್ರ" ಅನ್ನುವ ಗಡಿ ಇಲ್ಲ. 1ರಿಂದ 5ಕ್ಕೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ., ಪ್ರೌಢಶಾಲೆಗೆ 5 ಕಿ.ಮೀ. ಅಂತ ಕೇಳಿರುತ್ತೀರಿ. ಅದು ಅಷ್ಟು ದೂರದೊಳಗೆ ಮಗುವಿಗೊಂದು ಶಾಲೆ ಸಿಗುವ ಹಾಗೆ ಸರ್ಕಾರ ನೋಡಿಕೊಳ್ಳಬೇಕು ಅಂತ ಸರ್ಕಾರಕ್ಕೆ ಹಾಕಿದ ಕಟ್ಟು. ಮಗು ಅದರಾಚೆಗೆ ಹೋಗಿ ಓದಬಾರದು ಅಂತ ಮಗುವಿಗೆ ಹಾಕಿದ್ದಲ್ಲ.

ನಿಜವಾದ ತೊಡಕು ಜಾಗದ್ದು. ಪ್ರೌಢಶಾಲೆಗೆ ಮಕ್ಕಳು ಬರುವುದೇ 8ಕ್ಕೆ. ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 7 ಮುಗಿಸಿದವರೆಲ್ಲ ಆಗಲೇ ಸೇರಿ ಕೊಠಡಿ ತುಂಬಿರುತ್ತೆ. 9ಕ್ಕೆ ಹೊರಗಿನಿಂದ ಬರುವವರಿಗೆ ಸಿಗುವುದು ಯಾರಾದರೂ ಬಿಟ್ಟು ಹೋದ ಜಾಗ ಮಾತ್ರ. ನಗರದ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಬೇಡಿಕೆ ಇನ್ನೂ ಜಾಸ್ತಿ. ಆದ್ದರಿಂದ ಮುಖ್ಯ ಶಿಕ್ಷಕರ ಹತ್ತಿರ ಕೇಳಬೇಕಾದ ಪ್ರಶ್ನೆ "ನಮ್ಮ ಏರಿಯಾ ನಿಮಗೆ ಬರುತ್ತಾ" ಅಂತಲ್ಲ. ಮೂರು ಕೇಳಿ: 9ನೇ ತರಗತಿ ಇಂಗ್ಲಿಷ್ ಮಾಧ್ಯಮದಲ್ಲಿ ಜಾಗ ಇದೆಯಾ, ಪ್ರಥಮ ಭಾಷೆ ಯಾವುದು, ಯಾವ ತಾರೀಖಿನಿಂದ ದಾಖಲಾತಿ.

ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ ಶುರುವಾಗಿ ಮೇ ಕೊನೆಗೆ ಶಾಲೆ ತೆರೆಯುತ್ತೆ. ರಜೆಗೆ ಮುಂಚೆಯೇ ಹೋಗಿ ಮಾತಾಡಿ ಬನ್ನಿ. ಬರಿಗೈಯಲ್ಲಿ ಹೋಗಬೇಡಿ, ಒಂದು ಬಿಳಿ ಹಾಳೆ ಅರ್ಜಿ ಒಯ್ಯಿರಿ: ಮಗುವಿನ ಹೆಸರು, ಈಗಿನ ಶಾಲೆ, ಸ್ಯಾಟ್ಸ್ (ರಾಜ್ಯ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಸಂಖ್ಯೆ, ಮಾಧ್ಯಮ, ಮೂರು ಭಾಷೆ, ಊರು ಬದಲಿಸುವ ಕಾರಣ, ಫೋನ್ ನಂಬರ್. ಇಲ್ಲದಿದ್ದರೆ ರಜೆ ಮುಗಿಯುವಷ್ಟರಲ್ಲಿ ನೀವು ಬಂದಿದ್ದೇ ಮರೆತುಹೋಗಿರುತ್ತೆ. ಜಾಗ ಇಲ್ಲ ಅಂದರೆ ಜಗಳ ಬೇಡ, ಹಿಂಬರಹ (ಲಿಖಿತ ಉತ್ತರ) ಬರೆದುಕೊಡಿ ಅಂತ ಕೇಳಿ. ಅದನ್ನು ತುಮಕೂರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟರೆ ಹತ್ತಿರದ ಯಾವ ಶಾಲೆಯಲ್ಲಿ ಖಾಲಿ ಇದೆ ಅಂತ ಅವರೇ ನೋಡಿ ಹೇಳಬಹುದು.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಹೊಸ ಶಾಲೆಯಲ್ಲಿ ಜಾಗ ಖಚಿತವಾಗುವವರೆಗೆ ಹಳೇ ಶಾಲೆಯಲ್ಲಿ ಟಿಸಿ ತೆಗೆಸಬೇಡಿ. ಸ್ಯಾಟ್ಸ್‌ನಲ್ಲಿ ಒಮ್ಮೆ ಟಿಸಿ ಹೊರಟರೆ ಮಗು ಆ ಶಾಲೆಯ ಪಟ್ಟಿಯಿಂದ ಹೋಯಿತು. ಅದನ್ನು ವಾಪಸ್ ಸರಿಮಾಡಿಸುವುದು ಕಷ್ಟ, ಅಷ್ಟು ದಿನ ಮಗು ಯಾವ ಶಾಲೆಯದ್ದೂ ಅಲ್ಲದ ಹಾಗೆ ಉಳಿಯುತ್ತೆ.

---

ಸಿರಾ ಗೇಟ್

ಮೇಲಿನವರು ಪ್ರಥಮ ಭಾಷೆ ಕೇಳಿ ಅಂದರಲ್ಲ, ನಿಮ್ಮ ವಿಷಯದಲ್ಲಿ ಅದೇ ದೊಡ್ಡದು. ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮ ವಿಭಾಗ ಅಂದರೆ ವಿಜ್ಞಾನ, ಗಣಿತ, ಸಮಾಜ ಇಂಗ್ಲಿಷ್‌ನಲ್ಲಿ. ಪ್ರಥಮ ಭಾಷೆ ಸಾಮಾನ್ಯವಾಗಿ ಕನ್ನಡವೇ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ. ನಿಮ್ಮ ಮಗಳಿಗೆ ಮೊದಲನೆಯದೂ ಎರಡನೆಯದೂ ಅದಲು ಬದಲಾಗುತ್ತೆ.

ಇಂಗ್ಲಿಷ್ ಕೆಳಗೆ ಇಳಿಯುವುದರಿಂದ ಅದು ಹಗುರ. ಕನ್ನಡ ಹಗುರ ಅಲ್ಲ. ಮನೆಮಾತು ಕನ್ನಡ, ಏನು ಮಹಾ ಅಂತ ಅಪ್ಪ ಅಮ್ಮ ಅಂದುಕೊಳ್ಳುವುದೇ ಇಲ್ಲಿ ಆಗುವ ತಪ್ಪು. ಇಷ್ಟು ದಿನ ಓದಿದ್ದು ದ್ವಿತೀಯ ಭಾಷೆಯ "ತಿಳಿ ಕನ್ನಡ", ಇನ್ನು ಮುಂದೆ ಪ್ರಥಮ ಭಾಷೆಯ "ಸಿರಿ ಕನ್ನಡ". ಅದರಲ್ಲಿ ಹಳಗನ್ನಡ, ನಡುಗನ್ನಡದ ಪದ್ಯ ಬರುತ್ತೆ, ಸಂದರ್ಭ ಸಹಿತ ಸ್ವಾರಸ್ಯ ಬರೆಯಬೇಕು, ಛಂದಸ್ಸು ಬಿಡಿಸಬೇಕು. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಪ್ರಥಮ ಭಾಷೆಗೆ ಮಾತ್ರ 125, ಉಳಿದ ಐದಕ್ಕೂ ನೂರು ನೂರು. ಅಂದರೆ ಮಗಳ ಅತಿ ತೂಕದ ವಿಷಯವೇ ಬದಲಾಗುತ್ತಿದೆ.

ಬೇಸಿಗೆ ರಜೆಯ ಏಳು ವಾರ ಇದಕ್ಕೆ ಸಾಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ 8 ಮತ್ತು 9ರ ಪ್ರಥಮ ಭಾಷೆ ಕನ್ನಡದ ಪುಸ್ತಕ ಪಿಡಿಎಫ್ ಸಿಗುತ್ತೆ, ದುಡ್ಡಿಲ್ಲ. 9ಕ್ಕೆ ಹಾರಬೇಡಿ, 8ರ ಪುಸ್ತಕದ ಪದ್ಯಭಾಗದಿಂದಲೇ ಶುರು ಮಾಡಿ. ಮೊದಲು ಲಘು ಗುರು ಗುರುತಿಸಲಿ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರವೂ, ಸೊನ್ನೆ ಇರುವ ಅಕ್ಷರವೂ ಗುರು. ಒತ್ತಕ್ಷರಕ್ಕೇ ಗುರು ಹಾಕಿಬಿಡುವುದು ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು, ಅದರ ಹಿಂದಿನದಕ್ಕೆ ಹಾಕಬೇಕು. "ಅಕ್ಕ" ಅಂದರೆ "ಅ" ಗುರು, "ಕ್ಕ" ಲಘು. ಇದು ಕೈಗೆ ಹತ್ತಿದ ಮೇಲೆ ಭಾಮಿನಿ ಷಟ್ಪದಿಯ ಸಾಲು 3-4-3-4 ಅಂತ ತಾನಾಗೇ ಒಡೆಯುತ್ತೆ. 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 3-4-3-4-3-4, ಕೊನೆಗೊಂದು ಗುರು. ಕುಮಾರವ್ಯಾಸನ ಪದ್ಯ ಬಾಯಿಗಟ್ಟಿ ಓದಿಸಿ, ಲಯ ಕಿವಿಗೆ ಬಿದ್ದರೆ ಲೆಕ್ಕ ಸುಲಭ. ಇದರ ಜೊತೆ ದಿನಕ್ಕೊಂದು ಪುಟ ಶುದ್ಧಬರಹ.

ಇದು ಓದುವ ಬೇರೆಯವರಿಗೂ ಹೇಳುತ್ತೇನೆ: ಸಂಸ್ಕೃತ ಪ್ರಥಮ ಭಾಷೆ ತೆಗೆದುಕೊಂಡ ಮಗು ಆದರೆ ಆ ಸರ್ಕಾರಿ ಶಾಲೆಯಲ್ಲಿ ಸಂಸ್ಕೃತ ಶಿಕ್ಷಕರ ಹುದ್ದೆ ಇದೆಯೇ ಅಂತ ವಿಚಾರಿಸಿಯೇ ಮುಂದುವರಿಯಿರಿ. ಇಲ್ಲದಿದ್ದರೆ ಅದೂ ಕನ್ನಡಕ್ಕೇ ಬರಬೇಕಾಗುತ್ತೆ. ಯಾವುದೇ ಭಾಷೆ ಬದಲಾವಣೆ 9ರ ಶುರುವಿಗೇ ಮುಗಿಯಲಿ. 10ಕ್ಕೆ ಬಂದ ಮೇಲೆ ಶಾಲೆ, ಭಾಷೆ ಎರಡೂ ಬದಲಿಸುವುದು ಮಗುವಿಗೆ ಮಾಡುವ ಅನ್ಯಾಯ.

---

ಜಯಮಂಗಲಿ

ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಮಗಳು 1ರಿಂದ 8ರವರೆಗೆ ಹಳ್ಳಿಯಲ್ಲಿ ಓದಿದ್ದಾಳೆ. ಗ್ರಾಮೀಣ ಮೀಸಲಾತಿಗೆ ಬೇಕಾಗುವುದು 1ರಿಂದ 10, ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ ಪ್ರಮಾಣಪತ್ರ. ಒಂಬತ್ತು ವರ್ಷ ಇದ್ದರೂ ಇಲ್ಲ. ಸಿಇಟಿಯಲ್ಲಿ (ಪಿಯುಸಿ ನಂತರದ ವೃತ್ತಿ ಕೋರ್ಸ್‌ಗಳ ಪ್ರವೇಶ ಪರೀಕ್ಷೆ) ಗ್ರಾಮೀಣ ಕೋಟಾ 15%, ರಾಜ್ಯ ಸರ್ಕಾರಿ ಕೆಲಸದ ನೇಮಕಾತಿಯಲ್ಲಿ 25%. 9 ಮತ್ತು 10 ತುಮಕೂರು ನಗರದಲ್ಲಿ ಓದಿದರೆ ಎಂಟು ವರ್ಷ ಕೂಡಿಟ್ಟದ್ದು ಅಲ್ಲಿಗೇ ಹೋಯಿತು. ಕ್ಯಾತ್ಸಂದ್ರವೂ ಮಹಾನಗರ ಪಾಲಿಕೆಗೇ ಸೇರಿದ್ದು.

ಇಲ್ಲಿ ಲೆಕ್ಕಕ್ಕೆ ಬರುವುದು ಮನೆ ಎಲ್ಲಿದೆ ಅನ್ನುವುದಲ್ಲ, ಶಾಲೆ ಎಲ್ಲಿದೆ ಅನ್ನುವುದು. ಪಾಲಿಕೆ, ನಗರಸಭೆ, ಪುರಸಭೆ ಅಷ್ಟೇ ಅಲ್ಲ, ಪಟ್ಟಣ ಪಂಚಾಯಿತಿಯೂ ಗ್ರಾಮೀಣ ಆಗುವುದಿಲ್ಲ. ಕೊರಟಗೆರೆ ಪಟ್ಟಣದಲ್ಲೇ ಓದಿದ ಮಕ್ಕಳು ಸಣ್ಣ ಊರು, ಹಳ್ಳಿ ಥರವೇ ಅಂತ ಅರ್ಜಿ ಹಾಕಿ ಪರಿಶೀಲನೆ ದಿನ ಕೋಟಾ ಕಳೆದುಕೊಳ್ಳುವುದು ಇದೇ ಕಾರಣಕ್ಕೆ. ಶಾಲೆ ಗ್ರಾಮ ಪಂಚಾಯಿತಿ ಮಿತಿಯಲ್ಲಿರಬೇಕು.

ನಿಮ್ಮ ಕೆಲಸ ವಸಂತನರಸಾಪುರದಲ್ಲಿ, ಅದು ಕೋರಾ ಹೋಬಳಿ. ಮನೆಯನ್ನು ಆ ಕಡೆಗೇ ನೋಡಿದರೆ ನಿಮಗೂ ಓಡಾಟ ಕಡಿಮೆ, ಗ್ರಾಮ ಪಂಚಾಯಿತಿಯ ಒಳಗಿರುವ ಸರ್ಕಾರಿ ಪ್ರೌಢಶಾಲೆಗೆ ಸೇರಿಸಿದರೆ ಮಗಳ ಹತ್ತು ವರ್ಷವೂ ತುಂಬುತ್ತೆ. ಬೆಳ್ಳಾವಿ ಕಡೆಯೂ ವಿಚಾರಿಸಿ. ಅಲ್ಲಿ 9ಕ್ಕೆ ಇಂಗ್ಲಿಷ್ ಮಾಧ್ಯಮ ಇದೆಯೇ ಅನ್ನುವುದನ್ನು ಮಾತ್ರ ಶಾಲೆಗೇ ಹೋಗಿ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ನಿರ್ಧಾರ ಕಷ್ಟದ್ದೇ, ಒಪ್ಪುತ್ತೇನೆ. 8ರವರೆಗೆ ಇಂಗ್ಲಿಷ್‌ನಲ್ಲಿ ವಿಜ್ಞಾನ ಓದಿದ ಮಗುವನ್ನು ಕೋಟಾಕ್ಕೋಸ್ಕರ ಕನ್ನಡ ಮಾಧ್ಯಮಕ್ಕೆ ತಳ್ಳಿ ಅಂತ ನಾನು ಹೇಳಲಾರೆ. ಕನ್ನಡ ಮಾಧ್ಯಮದ 5% ಕೋಟಾವೂ 1ರಿಂದ 10 ಕನ್ನಡದಲ್ಲೇ ಓದಿದವರಿಗೆ, ಅವಳಿಗೆ ಅದು ಹೇಗೂ ಬರುವುದಿಲ್ಲ.

ಮತ್ತೊಂದು: ಟಿಸಿ ತರುವ ದಿನವೇ ಹಳೇ ಶಾಲೆಯಲ್ಲಿ 1ರಿಂದ 8ರವರೆಗಿನ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಂಡು, ಕೊರಟಗೆರೆ ಬಿಇಒ ಮೇಲುರುಜು ಹಾಕಿಸಿಟ್ಟುಬಿಡಿ. ಸಿಇಟಿ ಹೊತ್ತಿಗೆ ನಮೂನೆ ಬೇರೆ ಕೇಳಿದರೂ ಇದು ಕೈಯಲ್ಲಿದ್ದರೆ ಮತ್ತೆ ಬರೆಸುವುದು ಸುಲಭ. ಖಾಸಗಿ ಶಾಲೆ ನಾಲ್ಕು ವರ್ಷ ಬಿಟ್ಟು ಅಲ್ಲೇ ಇರುತ್ತೆ ಅಂತ ನಂಬಿ ಕೂರಬಾರದು.

---

ಸುವರ್ಣಮುಖಿ ದಂಡೆ

ಗ್ರಾಮೀಣ ಕೋಟಾದ ವಿಷಯ ನಮಗೆ ಹೊಳೆದೇ ಇರಲಿಲ್ಲ ಮೇಡಂ, ತುಂಬಾ ಉಪಕಾರವಾಯಿತು. ಕೋರಾ ಕಡೆ ಶನಿವಾರ ಹೋಗಿ ಶಾಲೆ, ಮನೆ ಎರಡೂ ನೋಡುತ್ತೇವೆ.

ಇನ್ನೆರಡು ಪ್ರಶ್ನೆ. ಶಾಲೆಯವರು ಪುಸ್ತಕ, ಸಮವಸ್ತ್ರ, ಕಂಪ್ಯೂಟರ್ ಫೀಸು ಅಂತ ಬಾಕಿ ತೋರಿಸಿ, ಅದು ಕಟ್ಟಿದರೆ ಮಾತ್ರ ಟಿಸಿ ಅನ್ನುತ್ತಿದ್ದಾರೆ. ಎರಡನೆಯದು, ಮಗ ಅದೇ ಶಾಲೆಯಲ್ಲಿ 7ರಲ್ಲಿದ್ದಾನೆ. ಅವನಿಗೂ ಇದೇ ಕ್ರಮವಾ?

---

ಹಾಜರಿ ಪುಸ್ತಕ

ಮಗನದ್ದು ಸುಲಭ, ಅದನ್ನೇ ಮೊದಲು ಹೇಳುತ್ತೇನೆ. 2009ರ ಆರ್‌ಟಿಇ ಕಾಯ್ದೆ 8ನೇ ತರಗತಿಯವರೆಗೆ. ಅದರ 5ನೇ ಪ್ರಕರಣದಲ್ಲಿ ಯಾವುದೇ ಕಾರಣಕ್ಕೆ ಶಾಲೆ ಬದಲಿಸುವ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗ ಕೇಳುವ ಹಕ್ಕಿದೆ, ಹಳೇ ಶಾಲೆಯವರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆಯವರು ದಾಖಲಾತಿ ನಿಲ್ಲಿಸುವ ಹಾಗಿಲ್ಲ. ಆದ್ದರಿಂದ ಮಗನನ್ನು 8ಕ್ಕೆ ಟಿಸಿ ಕೈಗೆ ಬರುವ ಮುಂಚೆಯೇ ಸೇರಿಸಬಹುದು. ಸೇರಿಸುವಾಗ ನೇರ ಪ್ರೌಢಶಾಲೆಯ 8ಕ್ಕೇ ಸೇರಿಸಿ. 8ರವರೆಗೆ ಇರುವ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಿದರೆ ಮುಂದಿನ ವರ್ಷ 9ಕ್ಕೆ ಮತ್ತೆ ಇದೇ ಜಾಗದ ಹುಡುಕಾಟ.

ಮಗಳು 9ಕ್ಕೆ ಹೋಗುವವಳು, ಅವಳಿಗೆ ಹೊಸ ಶಾಲೆಯವರು ಟಿಸಿ ಇಲ್ಲದೆ ಸೇರಿಸಿಕೊಳ್ಳಬೇಕು ಅನ್ನುವ ಒತ್ತಾಯ ಹಾಕಲು ಆಗುವುದಿಲ್ಲ. ಆದರೆ ಹಳೇ ಶಾಲೆಯಲ್ಲಿ ಅವಳು ಓದಿದ್ದು 8ರವರೆಗೆ, ಆರ್‌ಟಿಇ ಸೀಟಿನಲ್ಲಿ. ನೀವು ಬಾಯಿಮಾತಲ್ಲಿ ಕೇಳುತ್ತಿದ್ದರೆ ಅವರೂ ಬಾಯಿಮಾತಲ್ಲೇ ದಿನ ತಳ್ಳುತ್ತಾರೆ. ಲಿಖಿತ ಅರ್ಜಿ ಕೊಡಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹಾಕದಿದ್ದರೆ ಅದೇ ಅರ್ಜಿಯನ್ನು ರಸೀದಿ ಬರುವ ಹಾಗೆ ಅಂಚೆಯಲ್ಲಿ ಕಳಿಸಿ. ಬಾಕಿ ಅಂದದ್ದಕ್ಕೆ ಯಾವ ಬಾಬ್ತು, ಯಾವ ವರ್ಷದ್ದು ಅಂತ ಶಾಲೆಯ ಲೆಟರ್‌ಹೆಡ್‌ನಲ್ಲಿ ಬರೆದುಕೊಡಲು ಹೇಳಿ. ಆರ್‌ಟಿಇ ಸೀಟಿಗೆ ಫೀಸು ಹಾಕಿದ್ದನ್ನು ಬರಹದಲ್ಲಿ ಕೊಡಬೇಕಾದಾಗ ಎಷ್ಟೋ ಬಾಕಿ ತಾನೇ ಕರಗುತ್ತೆ. ಒಂದು ವಾರ ಕಾದು ಕೊರಟಗೆರೆ ಬಿಇಒಗೆ ಕೊಡಿ, ಟಪಾಲು ಸಂಖ್ಯೆ ಬರೆಸಿಕೊಳ್ಳಿ. ಅದರ ಮೇಲಕ್ಕೆ ಹೋಗಬೇಕಾಗಿ ಬಂದರೆ ಮಧುಗಿರಿ ಡಿಡಿಪಿಐ (ಶಿಕ್ಷಣ ಇಲಾಖೆ ಉಪನಿರ್ದೇಶಕರು). ತುಮಕೂರಿನ ಡಿಡಿಪಿಐ ಕಚೇರಿಗೆ ಹೋಗಿ ಒಂದು ದಿನ ಹಾಳುಮಾಡಿಕೊಳ್ಳಬೇಡಿ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ನಾಲ್ಕೂ ಕಂದಾಯಕ್ಕೆ ತುಮಕೂರು ಜಿಲ್ಲೆ, ಶಿಕ್ಷಣ ಇಲಾಖೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ.

ನೀವು ಶೈಕ್ಷಣಿಕ ಜಿಲ್ಲೆಯನ್ನೇ ದಾಟುತ್ತಿರುವುದರಿಂದ ಹೊಸ ಶಾಲೆಯವರು ಟಿಸಿಗೆ ಮೇಲುರುಜು ಕೇಳಬಹುದು. ಅದನ್ನು ಹಾಕಬೇಕಾದವರು ಟಿಸಿ ಹೊರಟ ತಾಲ್ಲೂಕಿನ ಬಿಇಒ, ಸೇರುವ ತಾಲ್ಲೂಕಿನವರಲ್ಲ. ಊರು ಬಿಡುವ ಮುಂಚೆಯೇ ಹಾಕಿಸಿ.

ಟಿಸಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಓದಿ. ಹೆಸರು, ತಂದೆ ತಾಯಿ ಹೆಸರು, ಹುಟ್ಟಿದ ದಿನ, ಜಾತಿ, ಭಾಷೆಗಳು. ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ಟಿಸಿಯಲ್ಲಿ ಮೊದಲಿಗೆ, ಒಂದರಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ: ಇವೆಲ್ಲ 9ರಲ್ಲಿ ಯಾರಿಗೂ ಕಾಣುವುದಿಲ್ಲ, 10ರಲ್ಲಿ ಎಸ್ಸೆಸ್ಸೆಲ್ಸಿ ನೋಂದಣಿ ದಿನ ಎದ್ದು ನಿಲ್ಲುತ್ತವೆ. ತಿದ್ದಬೇಕಾದದ್ದು ಹಳೇ ಶಾಲೆಯ ದಾಖಲಾತಿ ವಹಿಯಲ್ಲಿ. ಟಿಸಿ ಹೊರಡುವ ಮುಂಚೆಯೇ ಕೇಳಿ ನೋಡಿದರೆ ಒಳ್ಳೆಯದು.

ಕಾಗದದ ಟಿಸಿ ಒಂದೇ ಸಾಲದು, ಗಣಕದಲ್ಲಿ ಎರಡು ಕಡೆ ಮಗು ದಾಟಬೇಕು. ಒಂದು ಸ್ಯಾಟ್ಸ್: ಹಳೇ ಶಾಲೆಯವರು ತಮ್ಮ ಲಾಗಿನ್‌ನಲ್ಲಿ ಟಿಸಿ ತೆಗೆದಾಗ ಮಾತ್ರ ಹೊಸ ಶಾಲೆಯವರು ಅದೇ ಸಂಖ್ಯೆಯಲ್ಲಿ ಸೇರಿಸಿಕೊಳ್ಳಬಹುದು. ಕೈಬರಹದ ಟಿಸಿ ಕೊಟ್ಟು ಸ್ಯಾಟ್ಸ್‌ನಲ್ಲಿ ಬಿಡದೇ ಇದ್ದರೆ ಮಗು ಅಲ್ಲೇ ಇರುತ್ತೆ. ಕೆಲಸ ಬೇಗ ಆಗಲಿ ಅಂತ ಯಾರಾದರೂ ಹೊಸ ಸ್ಯಾಟ್ಸ್ ಸಂಖ್ಯೆ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಒಂದು ಮಗುವಿಗೆ ಎರಡು ಸಂಖ್ಯೆ ಆದರೆ ಎಸ್‌ಎಸ್‌ಪಿ ವಿದ್ಯಾರ್ಥಿವೇತನವೂ ಎಸ್ಸೆಸ್ಸೆಲ್ಸಿ ನೋಂದಣಿಯೂ ಸಿಕ್ಕಿಹಾಕಿಕೊಳ್ಳುತ್ತೆ. ಎರಡನೆಯದು ಯುಡೈಸ್ ಪ್ಲಸ್ (ಕೇಂದ್ರ ಸರ್ಕಾರದ ಶಾಲಾ ದಾಖಲೆ ಜಾಲತಾಣ): ಅಲ್ಲಿ ಹಳೇ ಶಾಲೆಯವರು ಮಗುವನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿ) ಬಿಡಬೇಕು, ಹೊಸಬರು ಪೆನ್ (ಮಗುವಿನ ಶಾಶ್ವತ ವಿದ್ಯಾರ್ಥಿ) ಸಂಖ್ಯೆ ಮತ್ತು ಹುಟ್ಟಿದ ದಿನ ಹಾಕಿ ಎಳೆದುಕೊಳ್ಳಬೇಕು. ಪೆನ್ ಮತ್ತು ಅಪಾರ್ (ದೇಶಕ್ಕೆಲ್ಲ ಒಂದೇ ವಿದ್ಯಾರ್ಥಿ ಗುರುತು) ಸಂಖ್ಯೆ ಎರಡನ್ನೂ ಟಿಸಿ ದಿನವೇ ಬರೆದುಕೊಳ್ಳಿ. ಜೂನ್ ಕೊನೆಗೆ ಹೊಸ ಶಾಲೆಗೆ ಹೋಗಿ "ಸ್ಯಾಟ್ಸ್‌ನಲ್ಲೂ ಯುಡೈಸ್‌ನಲ್ಲೂ ನಮ್ಮ ಮಗು ಬಂದಿದೆಯಾ" ಅಂತ ಒಮ್ಮೆ ಕೇಳಿ.

ಜೊತೆಗೆ ಒಯ್ಯಬೇಕಾದ್ದು: 8ರ ಅಂಕಪಟ್ಟಿ, ಮಗು ಮತ್ತು ಇಬ್ಬರ ಆಧಾರ್ ನಕಲು, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ (ಅದರ ಮೇಲಿರುವ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಕಾಣುವ ಹಾಗೆ), ಪಡಿತರ ಚೀಟಿ, ಮಗುವಿನ ಹೆಸರಿನ ಬ್ಯಾಂಕ್ ಪುಸ್ತಕ, ಫೋಟೊ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ವಿದ್ಯಾರ್ಥಿವೇತನ ಅಲ್ಲಿಗೇ ಬರುವುದು. ಮೂಲ ಟಿಸಿ ಕೊಡುವ ಮುಂಚೆ ಮೂರು ನಕಲು ಮಾಡಿಸಿಟ್ಟುಕೊಳ್ಳಿ.

---

ಪಾವಗಡ ಕೋಟೆ

ಇದಕ್ಕೇ ಸೇರಿಸಿ ಒಂದು ಕೇಳುತ್ತೇನೆ. ಮಡಕಶಿರಾ ಕಡೆ ಆಂಧ್ರದ ಶಾಲೆಯಲ್ಲಿ 7 ಓದಿದ ಹುಡುಗನನ್ನು ಪಾವಗಡದ ಸರ್ಕಾರಿ ಪ್ರೌಢಶಾಲೆಗೆ 8ಕ್ಕೆ ಸೇರಿಸಬಹುದಾ?

---

ಹಾಜರಿ ಪುಸ್ತಕ

ಧಾರಾಳವಾಗಿ. ಆರ್‌ಟಿಇ 5ನೇ ಪ್ರಕರಣ ರಾಜ್ಯದೊಳಗೂ ರಾಜ್ಯದ ಹೊರಗೂ ಅಂತಲೇ ಹೇಳುತ್ತೆ. ಟಿಸಿಗೆ ಅಲ್ಲಿನ ಶಿಕ್ಷಣ ಇಲಾಖೆ ಅಧಿಕಾರಿಯ ಮೇಲುರುಜು ಹಾಕಿಸಿಕೊಂಡು ಬನ್ನಿ. ಆ ಹುಡುಗನಿಗೆ ಸ್ಯಾಟ್ಸ್ ಸಂಖ್ಯೆ ಇರುವುದಿಲ್ಲ, ಇಲ್ಲಿ ಹೊಸದಾಗಿ ಮಾಡುವುದು ಸರಿಯೇ. ಪೆನ್ ಮಾತ್ರ ದೇಶಕ್ಕೆಲ್ಲ ಒಂದೇ, ಅದನ್ನು ತಪ್ಪದೆ ತನ್ನಿ. ಟಿಸಿ ತೆಲುಗಿನಲ್ಲಿ ಮಾತ್ರ ಇದ್ದರೆ ಇಂಗ್ಲಿಷ್‌ನಲ್ಲೂ ಬರೆಸಿಕೊಳ್ಳಿ. ಕನ್ನಡ ಓದಲು ಬರೆಯಲು ಬರುತ್ತಾ ನೋಡಿ. 2015ರ ಕನ್ನಡ ಕಲಿಕಾ ಕಾಯ್ದೆ ಪ್ರಕಾರ ಇಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿರಬೇಕು. ಅಕ್ಷರ ಬಾರದ ಹುಡುಗನಾದರೆ ರಜೆಯಲ್ಲೇ ವರ್ಣಮಾಲೆ, ಕಾಗುಣಿತ ಮುಗಿಸಿಬಿಡಿ. ತೆಲುಗು ಲಿಪಿ ಬಲ್ಲವನಿಗೆ ಅದು ಬೇಗ ಹತ್ತುತ್ತೆ.

---

ಸಿರಾ ಗೇಟ್

ಬಸ್ಸು, ಪುಸ್ತಕದ ಬಗ್ಗೆ ಯಾರೂ ಹೇಳಲಿಲ್ಲ. ಮಗಳಿಗೆ ಶಕ್ತಿ ಯೋಜನೆ ಇದೆ, ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಅಥವಾ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಬ್ಯಾಗಿನಲ್ಲಿರಲಿ. ಮಗನಿಗೆ ವಿದ್ಯಾರ್ಥಿ ಪಾಸು ಬೇಕು, ಸೇವಾ ಸಿಂಧುವಿನಲ್ಲಿ ಅರ್ಜಿ. ಹೊಸ ಶಾಲೆಯ ಸ್ಯಾಟ್ಸ್‌ಗೆ ಹೆಸರು ಬರುವ ಮುಂಚೆ ಹಾಕಿದರೆ ಹಳೇ ಶಾಲೆಯ ಹೆಸರೇ ಬಂದು ತೊಂದರೆಯಾಗುತ್ತೆ, ಸ್ವಲ್ಪ ತಡೆದು ಹಾಕಿ.

ಉಚಿತ ಪಠ್ಯಪುಸ್ತಕದ ಬೇಡಿಕೆ ಪಟ್ಟಿ ಹಿಂದಿನ ವರ್ಷದ ಮಕ್ಕಳ ಲೆಕ್ಕದ ಮೇಲೆ ಹೋಗಿರುತ್ತೆ. ಹೊರಗಿನಿಂದ 9ಕ್ಕೆ ಬಂದವರಿಗೆ ಮೊದಲ ದಿನ ಪೂರ್ತಿ ಸೆಟ್ ಸಿಗದೇ ಇರಬಹುದು. ಶಾಲೆಯವರು ಬೇರೆ ಶಾಲೆಯಲ್ಲಿ ಉಳಿದದ್ದು ತರಿಸುವವರೆಗೆ 10ಕ್ಕೆ ಹೋದ ಮಕ್ಕಳ ಹತ್ತಿರ ಹಳೇ ಪುಸ್ತಕ ಕೇಳಿ ಇಟ್ಟುಕೊಳ್ಳಿ, ಕೊಡುತ್ತಾರೆ. ಮಧ್ಯಾಹ್ನದ ಊಟ, ಹಾಲು 10ನೇ ತರಗತಿಯವರೆಗೂ ಇದೆ.

---

ಜಯಮಂಗಲಿ

ಶನಿವಾರ ಕೋರಾ ಕಡೆ ಹೋಗುತ್ತೀರಲ್ಲ, ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನಕ್ಕೆ ಮುಂಚೆಯೇ ಬಿಟ್ಟುಬಿಡುತ್ತಾರೆ. ಒಂಬತ್ತಕ್ಕೆಲ್ಲ ಅಲ್ಲಿರಿ. ಶಾಲೆ ಯಾವ ಗ್ರಾಮ ಪಂಚಾಯಿತಿಗೆ ಸೇರಿದ್ದು ಅಂತ ಫಲಕ ನೋಡಿ ಸುಮ್ಮನಾಗದೆ ಮುಖ್ಯ ಶಿಕ್ಷಕರ ಬಾಯಿಂದಲೇ ಕೇಳಿಕೊಂಡು ಬನ್ನಿ.